ಅತ್ತೆಯ ಗುಳಿಗೆ, ಮಗಳ ಥೈರಾಯ್ಡ್

ನಮ್ಮ ಮನೆಗೆ ಕಾಯಿಲೆ ಕೂಡ ಒಂಟಿಯಾಗಿ ಬರುವುದಿಲ್ಲ, ಒಂದು ನಗೆಯನ್ನು ಕಂಕುಳಲ್ಲಿ ಎತ್ತಿಕೊಂಡೇ ಬರುತ್ತದೆ.

ಮ್ಯಾನೇಜರನ ಕೂಗಾಟ

ವಿಜಯಪುರದಿಂದ ನಾಸಿಕದ ಬ್ಯಾಂಕಿಗೆ ನನಗೆ ವರ್ಗವಾದ ವರ್ಷವೇ ಎಂಟು ವರ್ಷದ ಮಗಳಿಗೆ ಸಕ್ಕರೆ ಕಾಯಿಲೆ ಬಂತು. ಇನ್ಸುಲಿನ್ ಶುರುವಾಯಿತು. ರಕ್ತಪರೀಕ್ಷೆಯಲ್ಲಿ ಥೈರಾಯ್ಡೂ ಸ್ವಲ್ಪ ಏರುಪೇರು. ಇನ್ನು ಅದಕ್ಕೂ ಜೀವನಪೂರ್ತಿ ಗುಳಿಗೆಯೇ ಎಂದು ನಾನೂ ಜೊತೆಗೆ ಬಂದಿದ್ದ ಅತ್ತೆಯೂ ಒಟ್ಟಿಗೇ ಕೇಳಿದೆವು.

ಡಾಕ್ಟರು ಸಮಾಧಾನ ಹೇಳಿದರು: "ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಮ್ಯಾನೇಜರ್, ಥೈರಾಯ್ಡ್ ಕ್ಲಾರ್ಕ್. ಕ್ಲಾರ್ಕ್ ನಿಧಾನವಾದರೆ ಮ್ಯಾನೇಜರ್ ಕೂಗಾಡುತ್ತಾನೆ, ರಿಪೋರ್ಟಿನಲ್ಲಿ ಏರಿರುವುದು ಆ ಕೂಗೇ. ಸಕ್ಕರೆ ಹದಕ್ಕೆ ಬಂದರೆ ತಾನೇ ತಣ್ಣಗಾಗಬಹುದು. ಆಮೇಲೆ ಮತ್ತೆ ಪರೀಕ್ಷೆ ಮಾಡೋಣ."

ಹಾಗೆ ತಣ್ಣಗಾದ ಮ್ಯಾನೇಜರನ್ನು ಬ್ಯಾಂಕಿನಲ್ಲಂತೂ ನಾನು ಈವರೆಗೆ ಕಂಡಿಲ್ಲ.

ಸಾಂಬಾರಿನ ಗುಟ್ಟು

ಬೀದಿ ತುದಿಯ ಉಡುಪಿ ಹೋಟೆಲಿನ ಸಾಂಬಾರ್ ಎಂದರೆ ಮಗಳಿಗೆ ಪ್ರಾಣ. ಇನ್ಸುಲಿನ್ ಎಷ್ಟು ಎಂದು ಲೆಕ್ಕ ಹಾಕಲು ಅದರಲ್ಲೇನಿದೆ ಗೊತ್ತಿರಬೇಕಲ್ಲ?

"ಕಾಕಾ, ಬೆಲ್ಲ ಕಿತೀ ಹಾಕ್ತೀರಿ?" ಎಂದು, 'ಎಷ್ಟು' ಎನ್ನುವುದನ್ನು ಶಾಲೆಯ ಮರಾಠಿಯಲ್ಲಿ ಹೇಳಿ, ಮಾಲೀಕರನ್ನೇ ಕೇಳಿದಳು.

ಸ್ವಂತ ತಮ್ಮನಿಗೂ ಹೇಳದ ಗುಟ್ಟು ಅದು. ಅವರು ಅತ್ತಿತ್ತ ನೋಡಿ, ಬಗ್ಗಿ, ಅವಳ ಕಿವಿಯಲ್ಲಿ ಉಸುರಿದರು.

"ಅಮ್ಮಾ, ಅಷ್ಟೊಂದ ಬೆಲ್ಲ!" ಎಂದು ಇವಳು ಕಿರುಚಿದಳು.

"ಮೆಲ್ಲ ಮಾರಾಯ್ತಿ, ತಮ್ಮ ಕ್ಯಾಶಿನಲ್ಲೇ ಕೂತಿದ್ದಾನೆ!"

ಅತ್ತೆಯ ಕೂಡಿಡುವಿಕೆ

ಅಷ್ಟರಲ್ಲಿ ನನಗೆ ಸಂಭಾಜಿನಗರಕ್ಕೆ ವರ್ಗವಾಯಿತು. ಮಗಳ ಮರುಪರೀಕ್ಷೆ ಅಲ್ಲೇ. ಅತ್ತೆಯವರೂ ವರ್ಷಗಳಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಗುಳಿಗೆ ನುಂಗುವವರು, ಅವರ ರಕ್ತವನ್ನೂ ಕೊಟ್ಟೆವು.

ಮಗಳದು ಸರಿಹೋಗಿತ್ತು! ಗುಳಿಗೆ ಬೇಡವೇ ಬೇಡ! ನಾನು ಕುಣಿಯುವುದೊಂದು ಬಾಕಿ, ಕಣ್ಣಲ್ಲಿ ನೀರೂ ಬಂತು. ಆದರೆ ಹೊಸ ಡಾಕ್ಟರು ಇನ್ನೊಂದು ರಿಪೋರ್ಟ್ ನೋಡಿ ಹುಬ್ಬು ಗಂಟಿಕ್ಕಿದರು. "ಅಜ್ಜಿಯದೇ ವಿಪರೀತ ಏರಿದೆಯಲ್ಲ! ಗುಳಿಗೆ ತಗೊಳ್ತಿಲ್ಲವೇ?"

ಅತ್ತೆ ಮೆಲ್ಲಗೆ ಚೀಲ ಬಿಚ್ಚಿ, ಮುಟ್ಟದ ಗುಳಿಗೆಗಳನ್ನು ಮೇಜಿನ ಮೇಲೆ ಸುರಿದರು.

"ಮುಂದ ಕೂಸಿಗೆ ಬೇಕಾಗ್ತಾವ, ಹೊಸ ಊರಾಗ ಸಿಗ್ತಾವೋ ಇಲ್ಲೋ ಅಂತ ಕೂಡಿಟ್ಟೀನ್ರಿ."

ಡಾಕ್ಟರು ಗುಳಿಗೆಗಳನ್ನು ಅವರ ಕಡೆಗೇ ಮೆಲ್ಲಗೆ ಸರಿಸಿದರು. ನಾನು ನಗುತ್ತ ಅತ್ತುಬಿಟ್ಟೆ, ಅಳುತ್ತ ನಕ್ಕೆ.

ಮರುದಿನ ಬೆಳಿಗ್ಗೆ ಮಗಳು ನೀರಿನ ಲೋಟ ಹಿಡಿದು ಅಜ್ಜಿಯ ಮುಂದೆ ನಿಂತಳು. "ಆಜೀ, ನುಂಗು. ಆತಾ ತೋಂಡ ಉಘಡ." ಬಾಯಿ ತೆರೆಸಿ ನಾಲಿಗೆಯ ಕೆಳಗೂ ಇಣುಕಿದಳು.

ಅತ್ತೆ ನನ್ನತ್ತ ತಿರುಗಿದರು: "ಮ್ಯಾನೇಜರ್ ತಲಿಯೊಳಗ ಇರ್ತಾನ ಅಂತ ಆ ಡಾಕ್ಟರು ಅಂತಿದ್ರಲ್ಲವಾ? ನಂದು ನೋಡು, ಎದುರಿಗೇ ನಿಂತೈತಿ!"