ಕೆಂಪು ಕಾರಿನ ಬಿಗಿ ಹಗ್ಗ

ನಮ್ಮ ಕಡೆ ರಸ್ತೆಗೆ ಉಬ್ಬು ಹಾಕಲು ಯಾರ ಅಪ್ಪಣೆಯೂ ಬೇಕಿಲ್ಲ. ಮನೆ ಮುಂದೆ ಒಂದು ಕೋಳಿ ಸತ್ತರೆ ಸಾಕು, ಮಾರನೇ ದಿನ ಮನೆಯವರೇ ಎರಡು ಪುಟ್ಟಿ ಜಲ್ಲಿ ಸುರಿದು ಉಬ್ಬು ಎಬ್ಬಿಸುತ್ತಾರೆ. ಕೂಡ್ಲಿಗಿಯ ಅಂಜಿನಕ್ಕನ ಚಹಾದಂಗಡಿಯ ಮುಂದಿನ ಅಂಥದೊಂದು ಉಬ್ಬಿನ ಮೇಲೆ, ಹೊಳಲಿನ ಗುತ್ತಿಗೆದಾರರೊಬ್ಬರ ಕೆಂಪು ಸ್ಪೋರ್ಟ್ಸ್ ಕಾರು ಹೊಟ್ಟೆ ಹಚ್ಚಿ ಕೂತುಬಿಟ್ಟಿತು. ಊರಿನವರೆಲ್ಲ ಸೇರಿ ಎತ್ತಿ ಇಳಿಸಿದೆವು. ಎತ್ತಿದವರು ಕಡಿಮೆ, ಸುಮ್ಮನೆ ಕೈ ಇಟ್ಟವರು ಹೆಚ್ಚು. ಈ ಕತೆ ಬರೆಯುವವನು ಕೈ ಇಟ್ಟವರ ಪೈಕಿ.

ಹೊಳಲಿನವರೆಗೆ ಇಂಥ ಉಬ್ಬು ಇನ್ನೆಷ್ಟಿವೆ ಎಂದು ಕೇಳಿದ ಗುತ್ತಿಗೆದಾರರು, ನಮ್ಮ ಉತ್ತರ ಕೇಳಿ ಕಾರನ್ನು ಗುರುಬಸವರಾಜನಿಗೆ ಒಪ್ಪಿಸಿ ಬಸ್ ಹತ್ತಿದರು. ಗುರುಬಸವರಾಜನ ಹತ್ತಿರ ಟ್ರ್ಯಾಕ್ಟರ್ ಇತ್ತು, ಕುರಿ ಮತ್ತು ಮೇವು ಹೇರುವ ಟ್ರೇಲರ್ ಇತ್ತು, ಆನೆ ಕೊಟ್ಟರೂ ಕಟ್ಟಿ ಒಯ್ಯುತ್ತೇನೆನ್ನುವ ಧೈರ್ಯವೂ ಇತ್ತು. ಆದರೆ ಅಷ್ಟು ತಗ್ಗಿನ ಕಾರನ್ನು ಹಲಗೆಯ ಮೇಲೆ ಹತ್ತಿಸುವವರು ಯಾರು? ಮಾರನೇ ದಿನ ಬೆಳಿಗ್ಗೆ ಅವನು ತನ್ನ ಗೆಳೆಯ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಮೈಲಾರೇಶನಿಗೆ ಫೋನ್ ಮಾಡಿದ.

ಮೈಲಾರೇಶನಿಗೆ ಅಂದು ಬೇರೆಯೇ ತಲೆನೋವಿತ್ತು. ಹಿರೇಹಡಗಲಿಯಲ್ಲಿ ಹೆಣ್ಣು ನೋಡುವ ಶಾಸ್ತ್ರ. ತಾಯಿ ಭರಮಮ್ಮ ಮೊದಲ ಬಸ್ಸಿಗೇ ಹೋಗಿದ್ದಳು. ಇವನು ಮುಂದಿನ ಬಸ್ಸಿಗೆ ಬರುತ್ತೇನೆಂದು ಮಾತು ಕೊಟ್ಟಿದ್ದ. ಬಸ್ ಹತ್ತುವುದೇನೋ ನಿಜ, ಆದರೆ ಎದುರು ದಿಕ್ಕಿನ ಹೊಸಪೇಟೆ ಬಸ್ಸು.

ಅವನ ತಪ್ಪಲ್ಲ ಅದು. ವಯಸ್ಸು ಮೂವತ್ತನಾಲ್ಕು, ತಲೆಗೂದಲು ಒಂದೊಂದಾಗಿ ರಾಜೀನಾಮೆ ಕೊಡುತ್ತಿತ್ತು. ಮೂವರು ಹುಡುಗಿಯರು ಉಪ್ಪಿಟ್ಟು ತಿನ್ನಿಸಿ "ಒಲ್ಲೆ" ಎಂದಿದ್ದರು. ಮೂರನೆಯ ಸಲ ಅವನು ಮನೆಗೆ ಬಂದು ಕದ ಹಾಕಿಕೊಂಡು ಅತ್ತಿದ್ದ. ಆಮೇಲೆ ಒಲ್ಲೆ ಅನ್ನಿಸಿಕೊಳ್ಳುವುದಕ್ಕಿಂತ ಓಡಿ ಹೋಗುವುದೇ ಮರ್ಯಾದೆ ಎಂದು ತೀರ್ಮಾನಿಸಿದ. ಒಂದು ಸಲ ಕೊಟ್ಟೂರಿನಲ್ಲಿ ಹೂ ತರುತ್ತೇನೆಂದು ಇಳಿದವನು ಸಂಜೆಯವರೆಗೂ ಸಿಗಲಿಲ್ಲ. ಇನ್ನೊಂದು ಸಲ ತಂಬ್ರಹಳ್ಳಿಯಲ್ಲಿ ಹೆಣ್ಣಿನ ಮನೆಯ ಹಿತ್ತಲ ಗೋಡೆಯನ್ನೇ ಹಾರಿದ್ದ. ಆ ಗೋಡೆ ಹಾರಿದ ಸುದ್ದಿ ಸುತ್ತಲಿನ ಐದೂ ತಾಲ್ಲೂಕಿಗೆ ಹಬ್ಬಿತ್ತು.

ಸ್ಪೋರ್ಟ್ಸ್ ಕಾರು ಓಡಿಸಬಹುದು, ಆಮೇಲೆ ಹೊಸಪೇಟೆಗೆ ಹೋದರಾಯಿತು ಎಂದು ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ಬಂದ. ಅಂಗಡಿ ಮುಂದೆ ನಾವೆಲ್ಲ ಆಗಲೇ ನೆರೆದಿದ್ದೆವು. ನಿವೃತ್ತ ಲಾರಿ ಚಾಲಕ ಪಾಲಯ್ಯ ಉಸ್ತುವಾರಿ ವಹಿಸಿದ್ದ.

"ಗಿಡ್ಡ ಹಲಗಿ ಹಾಕಿದ್ರ ಮೂತಿ ಒರಸ್ತೈತಿ. ಉದ್ದಂದು ಹಾಕ್ರಿ," ಎಂದ ಪಾಲಯ್ಯ. ಕಟ್ಟಡದ ಕೆಲಸದವರಿಂದ ಉದ್ದನೆಯ ಹಲಗೆ ಬೇಡಿ ತಂದೆವು. ಮೈಲಾರೇಶ ಉಸಿರು ಬಿಗಿಹಿಡಿದು ಕಾರನ್ನು ಹತ್ತಿಸಿದ. ಹಲಗೆ ಕಿರುಗುಟ್ಟಿತು, ಜನ ಹೋ ಎಂದರು, ಕಾರು ಟ್ರೇಲರಿನಲ್ಲಿ ಕೂತಿತು. ಅವನ ಜೀವನದಲ್ಲಿ ಜನ ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

ಮೈಲಾರೇಶ ಗತ್ತಿನಿಂದ ಬಾಗಿಲು ದೂಡಿದ. ಅದು ಟಣ್ ಎಂದು ಟ್ರೇಲರಿನ ಪಕ್ಕದ ತಗಡಿಗೆ ಬಡಿಯಿತು. ಆ ಕಡೆಯದು ದೂಡಿದ. ಅದೂ ಟಣ್ ಎಂದಿತು. ಬೇರೆ ಕಾರಾಗಿದ್ದರೆ ಬಾಗಿಲು ತಗಡಿನ ಮೇಲಿಂದ ಹಾದು ತೆರೆಯುತ್ತಿತ್ತು. ಇದು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗುವ ಜಾತಿ. ಗಾಬರಿಯಿಂದ ಗಾಜು ಇಳಿಸತೊಡಗಿದ. ಅದು ಒಂದು ಗೇಣು ಇಳಿಯುವಷ್ಟರಲ್ಲಿ ಗುರುಬಸವರಾಜ ಕೈ ತೂರಿಸಿದ.

"ಮೊದ್ಲು ಬಂದ್ ಮಾಡಲೇ, ಹೊಗಿ ಬರಾಕತ್ತೈತಿ. ಕೀಲಿ ಇಲ್ಲಿ ಕೊಡು."

ಮೈಲಾರೇಶ ಕೊಟ್ಟ. ಎಂಜಿನ್ನೂ ನಿಂತಿತು, ಗಾಜೂ ಅಲ್ಲಿಯೇ ನಿಂತಿತು.

"ಲೇ ಗುರುಬಸ್ಯಾ, ಈ ಪಕ್ಕದ ತಗಡು ಬಿಚ್ಚಲೇ!"

"ಬಿಚ್ಚಾಕ ಬರಲ್ಲೋ. ವೆಲ್ಡಿಂಗ್ ಮಾಡ್ಸೀನಿ."

"ಹಂಗಾರ ಹಿಂದಕ್ಕ ಇಳಸ್ತೀನಿ, ಕೀಲಿ ಕೊಡು."

"ಹೆಂಗ ಇಳಸ್ತಿ? ಹಲಗಿ ಒಯ್ದ್ರಲ್ಲ!"

ಹೌದು, ಕೆಲಸದವರು ಹಲಗೆ ಹೊತ್ತುಕೊಂಡು ಆಗಲೇ ತಿರುವು ದಾಟಿದ್ದರು. ಮೈಲಾರೇಶ ಗಾಜಿನ ಸಂದಿಗೆ ಬಾಯಿ ಹಚ್ಚಿ ಕೂಗಿದ: "ನನಗ ಬಸ್ಸಿಗೆ ಹೊತ್ತಾತ್ರೀ!"

"ಹಿರೇಹಡಗಲಿ ಬಸ್ಸಿಗಲ್ಲೇನು?" ಎಂದಳು ಅಂಜಿನಕ್ಕ. "ಈ ಗಾಡಿನೂ ಅದ ದಾರ್ಯಾಗ ಹೋಗ್ತೈತಲ್ಲ ತಮ್ಮಾ. ಸೀಟು ಮೆತ್ತಗ ಐತಿ, ಕುಂತಲ್ಲೇ ಹೋಗು."

ಹೊಸಪೇಟೆ ಬಸ್ಸಿಗೆ ಎಂದು ಹೇಳುವ ಹಾಗಿರಲಿಲ್ಲ.

ಹಳ್ಳಕ್ಕೆ ಬಿದ್ದವನಿಗೆ ಆಳಿಗೊಂದು ಕಲ್ಲು ಅನ್ನುತ್ತಾರೆ. ಇವನಿಗೆ ಆಳಿಗೊಂದು ಹಗ್ಗ ಬಿತ್ತು. ಮೈಗೆ ಹಗ್ಗ ತಾಗಿದರೆ ಬಣ್ಣ ಹೋಗುತ್ತದೆ, ಗಾಲಿಗಳಿಗಷ್ಟೇ ಬಿಗಿಯಿರಿ ಎಂದು ಪಾಲಯ್ಯ ನಾಲ್ಕೂ ಗಾಲಿಗೆ ಕಟ್ಟಿದ. ಮೇಲೆ ಕಟ್ಟದ ಹೊರೆ ಹೊರೆಯೇ ಅಲ್ಲ ಎಂದು ಗುರುಬಸವರಾಜ ಮೇವಿಗೆ ಹಾಕುವಂತೆ ನೆತ್ತಿಯ ಮೇಲಿಂದ ಅಡ್ಡಡ್ಡ ಹಾಕಿ ಎಳೆದ. ಬಣ್ಣ ತರಚಬಾರದೆಂದು ಹಗ್ಗದ ಕೆಳಗೆ ಕಂಬಳಿ ಹಾಸಿದರು. ಕಂಬಳಿಯ ಕುರಿ ವಾಸನೆ ಗಾಜಿನ ಸಂದಿಯಿಂದ ಒಳಗೆ ಇಳಿಯಿತು. ಇಸ್ತ್ರಿ ಬಟ್ಟೆಗೆ ಹಾಕಿದ್ದ ಸೆಂಟು ಅಲ್ಲಿಗೆ ಸತ್ತಿತು.

"ಗಾಲಿ ಅಳ್ಳಾಡಿದ್ರ ಕೂಗು," ಎಂದ ಪಾಲಯ್ಯ, ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂರುತ್ತ.

"ನಾನು ಅಳ್ಳಾಡಿದ್ರ?"

"ನೀ ಅಳ್ಳಾಡಂಗಿಲ್ಲ ಬಿಡು."

ಅಂಜಿನಕ್ಕ ಓಡಿಬಂದು ಒಂದು ಚೊಂಬು ಮಜ್ಜಿಗೆಯನ್ನು ಕೊಳವೆ ಹಾಕಿ ಸಂದಿಯಿಂದ ಕುಡಿಸಿದಳು. "ಬಿಸಲು ಭಾಳ ಐತಿ, ಪೂರಾ ಕುಡಿ," ಎಂದಳು.

ಹೊಸ ಹಗ್ಗ ಹತ್ತು ಮೈಲಿಯೊಳಗೆ ಸಡಿಲಾಗುತ್ತದೆಂಬುದು ಪಾಲಯ್ಯನ ಶಾಸ್ತ್ರ. ಹಾಗಾಗಿ ಕೊಟ್ಟೂರಿನಲ್ಲಿ ನಿಲ್ಲಿಸಿ ಮತ್ತೆ ಬಿಗಿದರು. ಅಲ್ಲಿ ಜನ ಮುತ್ತಿಕೊಂಡು ಒಳಗಿರುವವನು ಯಾರೆಂದು ಕೇಳಿದರು. "ಕಾರಿನ ಜತಿ ಬಂದಾನ," ಎಂದ ಗುರುಬಸವರಾಜ. ದೊಡ್ಡ ಮನುಷ್ಯನಿರಬೇಕೆಂದು ಯಾರೋ ಗೌರವದಿಂದ ಕಬ್ಬಿನ ಹಾಲು ಕೊಟ್ಟರು. ಹಡಗಲಿಯಲ್ಲಿ ಮತ್ತೆ ಬಿಗಿತ, ಈ ಸಲ ಎಳನೀರು. ಕೊಟ್ಟಿದ್ದನ್ನು ಬೇಡವೆನ್ನುವ ಸ್ವಭಾವ ಮೈಲಾರೇಶನದಲ್ಲ. ಹಡಗಲಿ ದಾಟಿದ ಮೇಲೆ ಪ್ರತಿ ಉಬ್ಬಿಗೂ ಮಜ್ಜಿಗೆ, ಕಬ್ಬಿನ ಹಾಲು, ಎಳನೀರು ಮೂರೂ ಒಂದಾಗಿ ಅವನೊಳಗೆ ಕುಲುಕಿದವು. ಅವನು ಕಾಲ ಮೇಲೆ ಕಾಲು ಹಾಕಿ ಬಿಗಿಯಾಗಿ ಕೂತ.

"ಲೇ, ಒಂಚೂರು ನಿಲ್ಸಲೇ!" ಎಂದು ಕೂಗಿದ. ಟ್ರ್ಯಾಕ್ಟರಿನ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ.

ಹಿರೇಹಡಗಲಿಯಲ್ಲಿ ಟ್ರ್ಯಾಕ್ಟರ್ ನಿಂತಿದ್ದು ನೇರವಾಗಿ ಹೆಣ್ಣಿನ ಮನೆಯ ಮುಂದೆ. ಹುಡುಗಿಯ ಸೋದರಮಾವ ಕೊಟ್ರಬಸಪ್ಪ, ಅಜ್ಜಿ ಮಂಜಮ್ಮ, ಅವರ ಹಿಂದೆ ಭರಮಮ್ಮ, ಅವರೆಲ್ಲರ ಹಿಂದೆ ಇಡೀ ಓಣಿ. ಗಂಡು ಇಳಿಯಲಾರ ಎಂದು ಗೊತ್ತಾದಾಗ ಗಂಡನ್ನು ಇದ್ದಲ್ಲಿಯೇ ನೋಡುವುದೆಂದು ಹಿರಿಯರು ತೀರ್ಮಾನಿಸಿದರು.

ಮಂಜಮ್ಮ ಸಂತೆಯಲ್ಲಿ ಕುರಿ ಕೊಂಡು ಪಳಗಿದವಳು. ಟ್ರೇಲರಿನ ಗಾಲಿ ಹತ್ತಿ ಸಂದಿಯಿಂದ ಇಣುಕಿದಳು. "ಬಾಯಿ ತಗಿ ತಮ್ಮಾ, ಹಲ್ಲು ನೋಡ್ತೀನಿ."

ಮೈಲಾರೇಶ ಬಾಯಿ ತೆರೆದ. ಇಷ್ಟು ವರ್ಷ ತಾನು ನೋಡಲು ಹೋದ ಹುಡುಗಿಯರಿಗೆ ಹೇಗಾಗಿತ್ತೆಂದು ಅವನಿಗೆ ಆಗ ತಿಳಿಯಿತು.

ಅಜ್ಜಿ ಇಳಿದ ಮೇಲೆ ಗಾಲಿ ಹತ್ತಿದವಳು ಸಂಗೀತಾ, ಮದುವೆಯ ಹುಡುಗಿ. ಊರಿನ ಅಂಚೆ ಕಚೇರಿಯಲ್ಲಿ ನೌಕರಿ, ಮುಖದಲ್ಲಿ ಸಣ್ಣ ನಗು.

"ನೀವು ಓಡಿ ಹೋಗೋ ಗಿರಾಕಿ ಅಂತಲ್ರೀ?"

ಈ ಸ್ಥಿತಿಯಲ್ಲಿ ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. "ಹೌದ್ರೀ. ಮೂರು ಮಂದಿ ಒಲ್ಲೆ ಅಂದ್ರು. ನಾಕನೇದವ್ರು ಅನ್ನೋದ್ರಾಗ ನಾನ ಹೊಂಟುಬಿಡ್ತೀನಿ."

"ಇವತ್ತು?"

"ಇವತ್ತು ಹೆಂಗ ಹೋಗ್ಲಿ? ನೋಡ್ರಿ ಹೆಂಗ ಬಿಗದಾರ. ಎಲ್ಲಾ ಕಟ್ಯಾರ, ತಲಿಗೂದ್ಲ ಒಂದು ಕಟ್ಟಿಲ್ಲ. ಅದು ಹೊಂಟೈತಿ."

ಸಂಗೀತಾ ಬಾಯಿಗೆ ಸೆರಗು ಹಿಡಿದು ನಕ್ಕಳು. ಗೇಲಿಯ ನಗುವಲ್ಲ ಅದು. ಮೈಲಾರೇಶನಿಗೆ ಎದೆಯಲ್ಲಿ ಏನೋ ಹಿತವಾಯಿತು. ಮೂರು ಮನೆಯಲ್ಲಿ ಬೋಳುತಲೆ ಮುಚ್ಚಿಕೊಂಡು ಕೂತಿದ್ದಾಗ ಯಾರೂ ಹೀಗೆ ನಕ್ಕಿರಲಿಲ್ಲ. ಇವಳು ಒಲ್ಲೆ ಎನ್ನದಿರಲಪ್ಪ ಎಂದು ಅವನು ಮನೆದೇವರಿಗೆ ಹರಕೆ ಹೊತ್ತ.

"ಬಿಚ್ಚಿದ್ರೂ ಇವತ್ತು ನಾ ಹೋಗಂಗಿಲ್ಲ ಅನಸ್ತೈತ್ರೀ," ಎಂದ ಮೆಲ್ಲಗೆ.

"ಹೌದಾ?" ಅವಳು ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಮಾವಾ, ಇವರನ್ನ ಬಿಚ್ಚಸ್ರಿ. ಓಡದಂಗ ನಿಂತ್ರ ನನಗ ಒಪ್ಪಿಗಿ ಐತಿ."

ಗುರುಬಸವರಾಜ ಹಗ್ಗ ಸಡಿಲಿಸಿದ. ಆಮೇಲೆ ಬಗ್ಗಿ ತಗಡಿನ ಎರಡು ಪಿನ್ನು ಎಳೆದ. ಪಕ್ಕದ ತಗಡು ಧಡ್ ಎಂದು ಕೆಳಗೆ ಬಿತ್ತು, ಕಾರಿನ ಬಾಗಿಲು ಸಲೀಸಾಗಿ ತೆರೆಯಿತು.

ಮೈಲಾರೇಶ ಕಣ್ಣು ಬಿಟ್ಟ. "ಲೇ! ವೆಲ್ಡಿಂಗ್ ಅಂದಿದ್ದ್ಯಲ್ಲೋ?"

"ನಿಮ್ಮವ್ವ ಹೇಳಿದ್ಲಪ್ಪ. ಕಾರು ಬಿದ್ರ ಬೀಳ್ಲಿ, ನನ್ನ ಮಗ ದಾರ್ಯಾಗ ಬೀಳಬಾರ್ದು, ಬಿಗಿಯಾಗಿ ಕಟ್ಟಿಕೊಂಡು ಬಾ ಅಂದ್ಲು."

ಮೈಲಾರೇಶ ಪಾಲಯ್ಯನನ್ನು ನೋಡಿದ. ಪಾಲಯ್ಯ ಆಕಾಶ ನೋಡಿದ. ಹಲಗೆ ಒಯ್ದವರು, ಮಜ್ಜಿಗೆ ಕೊಟ್ಟವಳು, ಹಗ್ಗ ಎಳೆದವರು, ಎಲ್ಲರಿಗೂ ಗೊತ್ತಿತ್ತು. (ಕೈ ಇಟ್ಟವರಿಗೂ.) ಬೆಳಗಿನಿಂದ ಹೇರಿದ್ದ ಹೊರೆ ಕಾರಾಗಿರಲಿಲ್ಲ.

ಸಿಟ್ಟು ಮಾಡಿಕೊಳ್ಳಲು ಅವನಿಗೆ ಪುರುಸೊತ್ತಿರಲಿಲ್ಲ. ಅವನು ಇಳಿದ. ಜೋಮು ಹಿಡಿದ ಕಾಲುಗಳನ್ನು ಒಂದಕ್ಕೊಂದು ಒತ್ತಿ ನಿಂತ. ನಿಂತೇ ನಿಂತ! ಕೊಟ್ರಬಸಪ್ಪನಿಗೆ ಕೈ ಮುಗಿದ, ಮಂಜಮ್ಮನಿಗೆ ಬಗ್ಗಲಾರದೆ ಬಗ್ಗಿದ. ಭರಮಮ್ಮನ ಕಣ್ಣಲ್ಲಿ ನೀರು ಬಂತು. ಹೊಸ್ತಿಲಿನಲ್ಲಿ ಸಂಗೀತಾ ನಗುತ್ತಿದ್ದಳು. ಇನ್ನು ಒಂದೇ ಶಾಸ್ತ್ರ ಬಾಕಿ, ಕೈಕಾಲು ತೊಳೆದು ಒಳಗೆ ಹೋಗುವುದು.

ಮಂಜಮ್ಮ ದೊಡ್ಡ ಕೊಡ ಎತ್ತಿ ಅವನ ಕಾಲಿನ ಮೇಲೆ ಸಣ್ಣಗೆ, ನಿಧಾನವಾಗಿ, ತಣ್ಣನೆಯ ನೀರು ಸುರಿಯತೊಡಗಿದಳು. ಸೊರ್ರ್ ಎಂಬ ಸದ್ದು ನಿಲ್ಲಲೇ ಇಲ್ಲ.

ಮೈಲಾರೇಶ ಹಲ್ಲು ಕಚ್ಚಿದ. ಕಣ್ಣು ಮುಚ್ಚಿದ. ದೇವರನ್ನು ನೆನೆದ. ಮಜ್ಜಿಗೆ, ಕಬ್ಬಿನ ಹಾಲು, ಎಳನೀರು ಮೂರೂ ಒಟ್ಟಿಗೆ ಓಗೊಟ್ಟವು. ಮರುಕ್ಷಣ ಅವನು ಗುಂಪು ಸೀಳಿಕೊಂಡು, ಬೇಲಿಯ ದಣಪೆ ಹಾರಿ, ಹಿತ್ತಲಿನ ಬಣವೆಯ ಕಡೆಗೆ ಬಾಣದಂತೆ ಹೋದ.

"ಓಡ್ಯಾನ್ರೋ! ಹಿಡೀರಿ!"

ಬಣವೆಯ ಹಿಂದಿನಿಂದ ಅವನು ಹಗುರಾಗಿ, ಹರ್ಷದಿಂದ ಮರಳಿ ಬರುವಷ್ಟರಲ್ಲಿ ಕದ ಮುಚ್ಚಿತ್ತು. ಹುಟ್ಟುಗುಣ ಸುಟ್ಟರೂ ಹೋಗದೆಂದು ಕೊಟ್ರಬಸಪ್ಪ ಒಳಗೆ ಹೇಳುತ್ತಿದ್ದುದು ಹೊರಗೆ ಕೇಳುತ್ತಿತ್ತು. ಕಿಟಕಿಯಲ್ಲಿ ಸಂಗೀತಾಳ ಮುಖ ಕಂಡಿತು. ಈಗ ಅದರಲ್ಲಿ ನಗುವಿರಲಿಲ್ಲ.

"ಹೋಗಂಗಿಲ್ಲ ಅಂದಿದ್ರಿ."

ಮೈಲಾರೇಶ ಬಾಯಿ ತೆರೆದ. ಒಪ್ಪಬಹುದಾಗಿದ್ದ ಹುಡುಗಿಗೆ ಮೊದಲ ದಿನವೇ ಅಂಥ ಕಾರಣ ಹೇಗೆ ಹೇಳುವುದು? ಬಾಯಿ ಮುಚ್ಚಿದ. ಕಿಟಕಿಯೂ ಮುಚ್ಚಿತು.

ಕಾರು ಇನ್ನೂ ಹೊಳಲಿಗೆ ಹೋಗಬೇಕಿತ್ತು. ಅವನು ತಾನಾಗಿಯೇ ಟ್ರೇಲರ್ ಹತ್ತಿ, ಕಾರಿನಲ್ಲಿ ಕೂತು ಬಾಗಿಲು ಎಳೆದುಕೊಂಡ.

"ಪಿನ್ನು ಹಾಕಲ್ಲ ಬಿಡು. ಬೇಕಂದಲ್ಲಿ ಇಳಿ," ಎಂದ ಗುರುಬಸವರಾಜ, ಮುಖ ಸಣ್ಣದು ಮಾಡಿಕೊಂಡು.

"ಹಾಕಲೇ. ಬಿಗೀನ ಹಾಕು."

ಅಷ್ಟರಲ್ಲಿ ಪಾಲಯ್ಯ ಗಾಲಿ ಹತ್ತಿ ಗಾಜಿನ ಸಂದಿಯಿಂದ ದೊಡ್ಡ ಲೋಟ ತೂರಿಸಿದ. "ನಿನಗಂತ ಬೆಲ್ಲದ ಪಾನಕ ಮಾಡಿದ್ರಂತ, ಹುಡುಗಿ ಕೊಟ್ಟು ಕಳಿಸ್ಯಾಳ. ಕುಡಿ ತಮ್ಮಾ, ದಾರಿ ದೂರ ಐತಿ."

ಮೈಲಾರೇಶ ಲೋಟವನ್ನು ಸಂದಿಯಿಂದ ಹಾಗೆಯೇ ಹೊರಕ್ಕೆ ದೂಡಿದ. ಆಮೇಲೆ ಗುರುಬಸವರಾಜನ ಕಡೆ ಕೈ ಚಾಚಿದ.

"ಕೀಲಿ ಕೊಡಲೇ, ಗಾಜು ಏರಸ್ತೀನಿ."