ಸಂಸತ್ ಭವನದ ಚಾವಣಿ ಹುಲ್ಲುಹಾಸಿನ ಮೇಲೆ ಪ್ರಜೆಗಳು ಕಾಲೂರುವ ಬಗ್ಗೆ

ಕಟ್ಟಡ ಮತ್ತು ಗೌರವ ಸಂರಕ್ಷಣಾ ಇಲಾಖೆ
ಸುತ್ತೋಲೆ ಸಂಖ್ಯೆ: ಕಗೌಸಂ/ಹುಲ್ಲು/47/ತುರ್ತು

ವಿಷಯ: ಪ್ರಜಾಪಾದಗಳ ನಿಯಂತ್ರಣ.
ಉಲ್ಲೇಖ: (1) ವಾಸ್ತುಶಿಲ್ಪಿಯವರ ವಿನ್ಯಾಸ ಟಿಪ್ಪಣಿ, ಪುಟ 3. (2) ಹಿರಿಯ ಮಾಲಿಯವರ ಲಿಖಿತ ವಿವರಣೆ (ಮಣ್ಣಾಗಿದೆ).

ಪ್ರಜೆಗಳು ತಮ್ಮ ಪ್ರತಿನಿಧಿಗಳಿಗಿಂತ ಸದಾ ಮೇಲಿರಬೇಕೆಂಬ ಕಲ್ಪನೆಯಿಂದ ನೂತನ ಭವನವನ್ನು ಗುಡ್ಡದಂತೆ ಕಟ್ಟಿ, ಚಾವಣಿಗೆ ಹುಲ್ಲು ಹಾಸಿ, ಯಾರು ಬೇಕಾದರೂ ನಡೆದಾಡುವಂತೆ ಮಾಡಲಾಗಿರುತ್ತದೆ. ಇದು ಕಲ್ಪನೆ ಮಾತ್ರವೆಂದು ಇಲಾಖೆ ಭಾವಿಸಿತ್ತು. ಪ್ರಜೆಗಳು ನಿಜವಾಗಿಯೂ ಹತ್ತಿ ಬಂದಿರುವುದರಿಂದ ಈ ಕೆಳಕಂಡಂತೆ ಆದೇಶಿಸಿದೆ:

1. ಕಳೆದ ಅಧಿವೇಶನದ ಮೊದಲ ಮಂಗಳವಾರ ನಿವೃತ್ತ ಶಿಕ್ಷಕಿಯೊಬ್ಬರು ಚಾವಣಿ ಏರಿ, ಕಳೆ ಕೀಳುತ್ತಿದ್ದ ಹಿರಿಯ ಮಾಲಿಯವರನ್ನು "ನಮ್ಮ ಸದಸ್ಯನ ಸೀಟು ಎಲ್ಲಿ ಬರುತ್ತಪ್ಪಾ?" ಎಂದು ವಿಚಾರಿಸಿರುತ್ತಾರೆ. ತಮ್ಮ ಶಾಲೆಯ ಹೆಂಚಿನ ಮಾಡು ಕುಸಿದು, ಮಕ್ಕಳು ನಾಲ್ಕು ವರ್ಷದಿಂದ ಬಸ್ ನಿಲ್ದಾಣದಲ್ಲಿ ಪಾಠ ಕೇಳುತ್ತಿದ್ದಾರೆಂದೂ, ಹನ್ನೊಂದು ಅರ್ಜಿಗಳಿಗೆ ಉತ್ತರವಿಲ್ಲವೆಂದೂ ತಿಳಿಸಿರುತ್ತಾರೆ. (ಅರ್ಜಿಗಳು ಸುರಕ್ಷಿತವಾಗಿವೆ.)

2. ಆ ಹುಲ್ಲನ್ನು ಕೈಯಾರೆ ಹಾಸಿದ ಮಾಲಿಯವರಿಗೆ ಚಾವಣಿಯಿಂದ ಸದನಕ್ಕಿಳಿಯುವ ಯಾವ ಗಾಳಿಕೊಳವೆಯ ಕೆಳಗೆ ಯಾರು ಕೂರುತ್ತಾರೆಂದು ಗೊತ್ತಿರುತ್ತದೆ. ಕೆಲಸ ಹೋದೀತೆಂದು ಅವರು ಮೊದಲು ಇನ್ನೆರಡು ಕಳೆ ಕಿತ್ತಿದ್ದು, ಆಮೇಲೆ ಶಾಲೆಗೆ ಹೋಗುವ ತಮ್ಮ ಮೊಮ್ಮಗಳ ಮುಖ ಕಣ್ಣಮುಂದೆ ಬಂದು, "ಮೂರನೇ ಕೊಳವೆ ಅಮ್ಮಾ. ಗೊರಕೆ ಕೇಳಿಸ್ತಿದೆಯಲ್ಲ, ಅದೇ," ಎಂದಿರುತ್ತಾರೆ.

3. ಶಿಕ್ಷಕಿಯವರು ಮೂರು ಬಾರಿ ಕಾಲು ಅಪ್ಪಳಿಸಿ, ಕೊಳವೆಗೆ ಬಾಯಿಟ್ಟು, "ಎದ್ದು ನಿಲ್ಲೋ. ಶಾಲೆ ಮಾಡು ಹಾಕಿಸ್ತೀಯೋ ಇಲ್ಲವೋ?" ಎಂದಿರುತ್ತಾರೆ. ಅವರ ಹಳೆಯ ವಿದ್ಯಾರ್ಥಿಯಾದ ಮಾನ್ಯ ಸದಸ್ಯರು ಬೆಚ್ಚಿ ಎದ್ದು, ಕೈಕಟ್ಟಿ, "ನಾಳೆನೇ ಹಾಕಿಸ್ತೀನಿ ಟೀಚರ್" ಎಂದಿರುತ್ತಾರೆ. ಆಗ ಸದನದಲ್ಲಿ ಕುರ್ಚಿಗಳ ಮೆತ್ತೆಯ ಚರ್ಚೆ ನಡೆದಿತ್ತು. ಮಾತು ಕಡತ ಸೇರಿದ್ದರಿಂದ ವಿಧಿಯಿಲ್ಲದೆ ಮಾಡು ಹಾಕಲಾಗಿದೆ.

4. "ದಾರಿ ಕೇಳಿದ್ರು, ತೋರಿಸ್ದೆ" ಎಂಬುದು ಮಾಲಿಯವರ ವಿವರಣೆ. ಖುಷಿಯಾಯಿತೇ ಎಂದು ಕೇಳಲಾಗಿ, "ಆಯ್ತು" ಎಂದಿರುತ್ತಾರೆ. ಕರ್ತವ್ಯದ ಅವಧಿಯಲ್ಲಿ ಖುಷಿಗೆ ಅವಕಾಶವಿಲ್ಲದ ಕಾರಣ, ಅವರನ್ನು ಒಳಾಂಗಣದ ಪ್ಲಾಸ್ಟಿಕ್ ಗಿಡಗಳಿಗೆ ನೀರುಣಿಸುವ ಹುದ್ದೆಗೆ ವರ್ಗಾಯಿಸಲಾಗಿದೆ.

5. ಪ್ರಜೆಗಳು ಎಂದಿನಂತೆ ಮೇಲಿರತಕ್ಕದ್ದು, ಆದರೆ ತುದಿಗಾಲಿನಲ್ಲಿ. ಮಂತ್ರಿಗಳ ಮೇಲೆ ಒಂಟಿಗಾಲಿನಲ್ಲಿ. ನಲವತ್ತು ಕಿಲೋ ಮೀರಿದವರು ಕಂತುಗಳಲ್ಲಿ ಹತ್ತತಕ್ಕದ್ದು.

6. ಸಿಟ್ಟು ತಂದವರು ಅದನ್ನು ಕೆಳಗಿನ ಕೌಂಟರಿನಲ್ಲಿಟ್ಟು ಚೀಟಿ ಪಡೆಯತಕ್ಕದ್ದು. ಕಳೆದುಹೋದಲ್ಲಿ ಇಲಾಖೆ ಹೊಣೆಯಲ್ಲ.

7. ಶಿಕ್ಷಕರಿಗೆ ಪ್ರವೇಶ ನಿಷೇಧಿಸಲು ಯೋಚಿಸಲಾಗಿತ್ತು. ಎಷ್ಟು ಸದಸ್ಯರು ಶಾಲೆಗೆ ಹೋಗಿದ್ದರೆಂದು ಪರಿಶೀಲಿಸಲಾಗಿ, ಅಪಾಯ ಅತ್ಯಲ್ಪವೆಂದು ಕಂಡುಬಂದ ಮೇರೆಗೆ ಕೈಬಿಡಲಾಗಿದೆ.

(ಸಹಿ ಅಸ್ಪಷ್ಟ)
ಉಪ ಕಾರ್ಯದರ್ಶಿ (ಪಾದ)

ಪ್ರತಿಗಳು:
ಮಾನ್ಯ ಸದಸ್ಯರಿಗೆ, ಎಚ್ಚರವಾದ ಮೇಲೆ.
ವಾಸ್ತುಶಿಲ್ಪಿಯವರಿಗೆ, ಮುಂದಿನ ಭವನದಲ್ಲಿ ಕಲ್ಪನೆಗಳಿರದಂತೆ ನೋಡಿಕೊಳ್ಳಲು.
ಹಿರಿಯ ಮಾಲಿಯವರಿಗೆ. ಸದರಿ ಶಾಲೆಯ ಮಕ್ಕಳು ತಮ್ಮನ್ನು ನೋಡಲು ಬಂದು ಗೇಟಿನಲ್ಲಿ ಎರಡು ಗಂಟೆಯಿಂದ ಕಾಯುತ್ತಿದ್ದು, ಹೋಗಿ ಮಾತನಾಡಿಸಲು ಹತ್ತು ನಿಮಿಷ ಮಂಜೂರು ಮಾಡಿದೆ.