ಕಾಲಿಗೆ ಹತ್ತಿದ ಉಂಡೆ ಪಾಕ

ಪಾಕ ಹಿಡಿಯುವುದರಲ್ಲಿ ನನ್ನನ್ನು ಮೀರಿಸುವವರು ಹರಪನಹಳ್ಳಿಯಲ್ಲಿ ಯಾರೂ ಇಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳದೆ ಇರುವುದರಿಂದ ನಾನೇ ಹೇಳಬೇಕಾಗಿದೆ! ಶೇಂಗಾ ಉಂಡೆಯ ಪಾಕವನ್ನು ಯಾವ ಗಳಿಗೆಯಲ್ಲಿ ಒಲೆಯಿಂದ ಇಳಿಸಬೇಕೆಂಬುದು ನನ್ನ ಕೈಗೇ ಗೊತ್ತು. ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು, ಗಟ್ಟಿಯಾದದ್ದನ್ನು ತಟ್ಟೆಗೆ ಬಡಿದರೆ 'ಟಣ್' ಎನ್ನಬೇಕು. ಟಣ್ ಎಂದರೆ ಉಂಡೆ ಪಾಕ. ಇಂಥ ನಾನು ಕಾಲಿನ ಕೂದಲು ತೆಗೆಯುವ ಪಾಕಕ್ಕೆ ಕೈ ಹಾಕಿದ್ದರಲ್ಲಿ ತಪ್ಪೇನಿದೆ, ನೀವೇ ಹೇಳಿ.

ಟೀಚರಾದ ನನಗೆ ಕಾಲಿನ ಕೂದಲಿನ ಗೊಡವೆ ಏಕೆ ಬಂತೆಂದರೆ, ಅದಕ್ಕೆ ಪಕ್ಕದ ತಾಲೂಕಿನ ಹಡಗಲಿಯವರು ಕಾರಣ. ನಾನು ತೆಲಿಗಿ ಕಡೆಯ ಒಂದು ಶಾಲೆಯಲ್ಲಿ ಪಾಠ ಮಾಡುತ್ತೇನೆ. ನಮ್ಮ ತಾಲೂಕಿನ ಶಿಕ್ಷಕಿಯರ ಖೋ ಖೋ ತಂಡಕ್ಕೆ ಕ್ಯಾಪ್ಟನ್ನೂ ಹೌದು. ಹೋದ ವರ್ಷ ಫೈನಲ್‌ನಲ್ಲಿ ಹಡಗಲಿ ತಂಡದ ಕೈಗೆ ಸಿಗದಂತೆ ಜಿಂಕೆಯ ಹಾಗೆ ಓಡುತ್ತಿದ್ದೆ. ಆಗ ಬೆನ್ನಟ್ಟಿ ಬಂದವಳ ಬೆರಳ ತುದಿ ನನ್ನ ದೊಗಳೆ ಚೂಡಿದಾರದ ಪ್ಯಾಂಟಿಗೆ ತಾಗಿತು. ಔಟ್! "ತಾಗಿದ್ದು ಪ್ಯಾಂಟಿಗ್ರೀ ಸರ್, ನನಗಲ್ಲ" ಎಂದು ರೆಫರಿಯ ಹತ್ತಿರ ಜಗಳಕ್ಕೇ ನಿಂತೆ. ಅವರು ಶಾಂತವಾಗಿ, "ಪ್ಯಾಂಟಿನೊಳಗ ಯಾರದಾರ್ರಿ ಮೇಡಂ?" ಎಂದು ಕೇಳಿದರು. ಕಪ್ಪು ಹಡಗಲಿಗೆ ಹೋಯಿತು. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಈ ವರ್ಷ ನಾನು ಬಿಡಲಿಲ್ಲ. ತಂಡವನ್ನು ಸೇರಿಸಿ, "ಎಲ್ಲರೂ ಮೊಣಕಾಲುಮಟ ಪ್ಯಾಂಟ್ ಹೊಲಿಸ್ರಿ" ಎಂದು ಆಜ್ಞೆ ಹೊರಡಿಸಿದೆ.

"ಗೌರಕ್ಕಾ, ಜನ ಏನಂತಾರ?" ಎಂದಳು ಶಶಿಕಲಾ. ಅವಳು ತಂಡದಲ್ಲಿ ನನ್ನ ಬಲಗೈ.

"ಕಪ್ ತಂದ್ರ ಜನ ಏನೂ ಅನ್ನಂಗಿಲ್ಲ, ಸುಮ್ನಿರವಾ."

ಎಲ್ಲರೂ ಹೊಲಿಸಿದರು. ಪಂದ್ಯದ ಹಿಂದಿನ ದಿನ ನಾನೂ ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಆಗಲೇ ನನ್ನ ಕಾಲುಗಳನ್ನು ನೋಡಿದ್ದು! ಮದುವೆಯಾದಾಗಿನಿಂದ ಸೀರೆಯ ನೆರಳಿನಲ್ಲಿ ಯಾರ ಕಾಟವೂ ಇಲ್ಲದೆ ಅಲ್ಲಿ ಬೆಳೆ ಸಮೃದ್ಧವಾಗಿ ಬೆಳೆದಿತ್ತು. ಇವರು ಬಾಗಿಲಲ್ಲಿ ನಿಂತು ನೋಡಿದರು.

"ದುಡ್ಡು ಕೊಟ್ಟು ಪ್ಯಾಂಟ್ ಯಾಕ ಹೊಲಿಸಿದ್ಯೇ? ಕಾಲಾಗ ಆಗ್ಲೇ ಒಂದು ಕಂಬಳಿ ಪ್ಯಾಂಟ್ ಐತಲ್ಲ!"

ಇವರದು ಬೀಜ, ಗೊಬ್ಬರದ ಅಂಗಡಿ. ನನ್ನ ಮುಖ ನೋಡಿ ಕನಿಕರ ಬಂದಿರಬೇಕು, "ಅಂಗಡ್ಯಾಗ ಹೊಲದ ಕಸ ಸಾಯ್ಸೋ ಹೊಸಾ ಔಷಧಿ ಬಂದೈತಿ. ಒಂದು ರೌಂಡ್ ಹೊಡಿಲೇನು?" ಎಂದು ಪರಿಹಾರವನ್ನೂ ಸೂಚಿಸಿದರು.

ಬ್ಯೂಟಿ ಪಾರ್ಲರಿಗೆ ಹೋಗಬಹುದಿತ್ತು. ಆದರೆ ಅದನ್ನು ನಡೆಸುವವಳು ನನ್ನ ಹಳೆಯ ವಿದ್ಯಾರ್ಥಿನಿ. ಮಗ್ಗಿ ಬಾರದಿದ್ದುದಕ್ಕೆ ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಅಂಥವಳ ಕೈಗೆ ಕಾಲು ಕೊಡಲು ಧೈರ್ಯ ಬರಲಿಲ್ಲ! ಫ್ಯಾನ್ಸಿ ಸ್ಟೋರಿಗೆ ಹೋಗಿ ಪಿಸುದನಿಯಲ್ಲಿ ವ್ಯಾಕ್ಸ್ ಕೇಳಿದೆ. ಅಂಗಡಿಯವನು ಬಸ್ ನಿಲ್ದಾಣದವರೆಗೂ ಕೇಳಿಸುವಂತೆ, "ಕಾಲಿನ ಕೂದಲು ತಗಿಯಾದೇನ್ರಿ ಮೇಡಂ? ವ್ಯಾಕ್ಸ್ ಖಾಲಿ ಆಗೇತ್ರಿ, ಬಟ್ಟಿ ಪಟ್ಟಿ ಅಷ್ಟ ಅದಾವು" ಎಂದ. ಪಟ್ಟಿಗಳನ್ನಷ್ಟೇ ತೆಗೆದುಕೊಂಡು ತಲೆ ತಗ್ಗಿಸಿ ಬಂದೆ.

ಮನೆಯಲ್ಲಿ ಮೊಬೈಲ್ ತೆರೆದರೆ ಒಬ್ಬಳು ಹುಡುಗಿ ವ್ಯಾಕ್ಸ್ ಮಾಡುವುದನ್ನು ಹೇಳಿಕೊಡುತ್ತಿದ್ದಳು. ಸಕ್ಕರೆ, ನಿಂಬೆರಸ, ಸ್ವಲ್ಪ ನೀರು. ಕುದಿಸುವುದು, ಆರಿಸಿ ಹಚ್ಚುವುದು, ಮೇಲೆ ಬಟ್ಟೆ ಒತ್ತಿ ಎಳೆಯುವುದು. ನನಗೆ ನಗು ಬಂತು. ಇದು ಪಾಕ! ನನಗೆ ಪಾಕ ಹೇಳಿಕೊಡುತ್ತಾಳೆ!

ಮರುದಿನ ಪಂದ್ಯ ಇದ್ದದ್ದು ಮಧ್ಯಾಹ್ನ. ಕೂಡ್ಲಿಗಿಯವರೂ ಕೊಟ್ಟೂರಿನವರೂ ಶಿಕ್ಷಕರ ತರಬೇತಿ ಇದೆ, ಬರುವುದಿಲ್ಲ ಎಂದಿದ್ದರು. ಉಳಿದದ್ದು ನಾವು ಮತ್ತು ಹಡಗಲಿ, ಆದ್ದರಿಂದ ಮೊದಲ ಪಂದ್ಯವೇ ಫೈನಲ್. ಬೆಳಿಗ್ಗೆ ನಿಶ್ಚಿಂತೆಯಿಂದ ಪಾಕಕ್ಕಿಟ್ಟೆ. ಪಾಕ ಜೇನಿನ ಹಾಗೆ ಆದಾಗ ಇಳಿಸಬೇಕು ಎಂದು ಆ ಹುಡುಗಿ ಹೇಳಿದ್ದಳು. ಜೇನಿನ ಹಾಗೆಯೇ ಆಯಿತು. ಆದರೆ ಅಷ್ಟು ಎಳೆಯ ಪಾಕವನ್ನು ಇಳಿಸಲು ನನ್ನ ಕೈ ಒಪ್ಪಬೇಕಲ್ಲ! ಇನ್ನೂ ಸ್ವಲ್ಪ ಕುದಿಸಿದೆ. ಹನಿಯನ್ನು ನೀರಿಗೆ ಬಿಟ್ಟೆ, ತಟ್ಟೆಗೆ ಬಡಿದೆ. ಟಣ್! ಮನಸ್ಸಿಗೆ ಸಮಾಧಾನವಾಯಿತು. ಒಂದು ಬಟ್ಟಲಷ್ಟು ತೆಗೆದುಕೊಂಡು, ಉಳಿದದ್ದನ್ನು ಆರಿಸಿದ ಒಲೆಯ ಮೇಲೆಯೇ ಬಿಟ್ಟು ಬಚ್ಚಲಿಗೆ ಹೋದೆ.

ಚರ್ಮ ತಾಳುವಷ್ಟು ಆರಿದ ಮೇಲೆ ಬಲಗಾಲಿನ ಮೊಣಕಾಲಿನಿಂದ ಕೆಳಗೆ ಹಿಂದೆ ಮುಂದೆ ಧಾರಾಳವಾಗಿ ಹಚ್ಚಿದೆ. ಪಟ್ಟಿಗಳು ಕೋಣೆಯಲ್ಲೇ ಉಳಿದಿದ್ದವು. ತಂದು ಒತ್ತಿದರೆ ಅಂಟಲಿಲ್ಲ. ಪಾಕ ಕಲ್ಲಾಗಿತ್ತು! ಬೆರಳಿನಿಂದ ತಟ್ಟಿದೆ. ನನ್ನ ಕಾಲು 'ಟಣ್' ಎಂದಿತು. ಗಾಬರಿಯಲ್ಲಿ ಒಂದು ಚೊಂಬು ತಣ್ಣೀರು ಸುರಿದೆ. ಪಾಕ ಗಟ್ಟಿಯಾಗುವುದೇ ತಣ್ಣೀರಿನಲ್ಲಿ ಎಂಬುದನ್ನು ಇಡೀ ತಾಲೂಕಿಗೆ ಹೇಳಿಕೊಡಬಲ್ಲ ನಾನು ಆ ಕ್ಷಣ ಮರೆತೆ. ಇನ್ನೂ ಗಟ್ಟಿಯಾಯಿತು.

"ಲೇ ಗೌರಿ, ಬಚ್ಚಲದಾಗ ಏನ್ ಬಡಿಯಾಕ್ಹತ್ತೀಯೇ?" ಎಂದು ಇವರು ಹೊರಗಿನಿಂದ ಕೂಗಿದರು.

"ಏನಿಲ್ರೀ, ಕಾಲು!"

ಬಿಸಿನೀರು ಕಾಯಿಸೋಣವೆಂದು ಹೊರಗೆ ಬಂದರೆ ಶಶಿಕಲಾಳ ಫೋನು. "ಗೌರಕ್ಕಾ, ಎಲ್ಲದೀರಿ? ಮುಖ್ಯ ಅತಿಥಿಗಳು ಲಗೂನ ಹೊಂಡ್ತಾರಂತ, ಈಗ್ಲೇ ಆಡಸ್ತಾರಂತ! ಹಡಗಲಿಯೋರು ಬಂದು ನಿಂತಾರ. ಕ್ಯಾಪ್ಟನ್ ಬರಲಿಲ್ಲಂದ್ರ ಕಪ್ ಅವರಿಗೇ ಅಂತ!"

ಕಪ್ಪು ಮತ್ತೆ ಹಡಗಲಿಗೇ? ಅದೂ ಆಡದೆ? ಕಾಲು ಕಲ್ಲಾದರೇನು, ಹೊರಟೇಬಿಟ್ಟೆ. ಪ್ಯಾಂಟಿನ ಮೇಲೆ ಸೀರೆ ಸುತ್ತಿಕೊಂಡು ಬೈಕ್ ಹತ್ತುವಾಗ ನಮ್ಮ ಅತ್ತೆ ಓಡಿ ಬಂದು ಕೈಗೊಂದು ಡಬ್ಬಿ ಕೊಟ್ಟರು.

"ಗೌರವ್ವಾ, ಪಾಕ ಒಲಿ ಮ್ಯಾಲ ಹಂಗ ಬಿಟ್ಟೀಯಲ್ಲ, ಮರತೀ ಏನು? ಆರಿ ಕುಂತಿತ್ತು. ನಾನಾ ಕಾಸಿ, ಹುರದ ಶೇಂಗಾ ಹಾಕಿ ಉಂಡಿ ಕಟ್ಟೀನಿ. ಆಟದ ಹುಡುಗೇರಿಗೆ ಕೊಡು."

ವಿವರಿಸುವಷ್ಟು ಹೊತ್ತಿರಲಿಲ್ಲ. ವಿವರಿಸುವಷ್ಟು ಮಾನವೂ ಉಳಿದಿರಲಿಲ್ಲ!

ಮೈದಾನದಲ್ಲಿ ಸೀರೆ ಬಿಚ್ಚಿಟ್ಟಾಗ ಶಶಿಕಲಾ ಕಣ್ಣರಳಿಸಿದಳು. "ಅಯ್ಯ, ಬಲಗಾಲು ಏನ್ ಹೊಳಿತೈತಿ ಗೌರಕ್ಕಾ! ಏನ್ ಹಚ್ಚೀರಿ?"

"ಮನಿ ಮದ್ದು" ಎಂದೆ. ಒಂದೊಂದು ಹೆಜ್ಜೆಗೂ ಕಾಲು ಹಪ್ಪಳದಂತೆ ಚಟಚಟ ಎನ್ನುತ್ತಿತ್ತು.

ಆಟ ಶುರುವಾಯಿತು. ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಮೊದಲ ಸರದಿ ಮುಗಿಯುವಷ್ಟರಲ್ಲಿ ಬಿಸಿಲು, ಬೆವರು ಎರಡೂ ಸೇರಿ ನಾನು ಕಲ್ಲು ಮಾಡಿದ್ದನ್ನು ಕರಗಿಸಿದವು. ಕಾಲು ಅಂಟಂಟಾಯಿತು. ಕೆಂಪು ಮಣ್ಣು ಬಂದು ಮೆತ್ತಿಕೊಂಡಿತು. ನೊಣಗಳು ಬಳಗ ಸಮೇತ ಬಂದವು. ಆ ಹುಡುಗಿ ಹೇಳಿದ ಜೇನಿನ ಹದ ಈಗ ಬಂದಿತ್ತು!

ಕೊನೆಯ ಸರದಿಯಲ್ಲಿ ಬೆನ್ನಟ್ಟುವವರು ನಾವು. ಎರಡೂ ಕಡೆ ಅಂಕಗಳು ಸಮ. ಹೋದ ವರ್ಷ ನನ್ನನ್ನು ಔಟ್ ಮಾಡಿದ್ದ ಉದ್ದ ಜಡೆಯ ಟೀಚರು ಎದುರಿಗೆ ಓಡುತ್ತಿದ್ದರು, ಯಾರ ಕೈಗೂ ಸಿಗುತ್ತಿರಲಿಲ್ಲ. ಅವರೊಬ್ಬರು ಔಟಾದರೆ ಕಪ್ಪು ನಮ್ಮದು. ನಾನು ಚೌಕದಲ್ಲಿ ತುದಿಗಾಲಲ್ಲಿ ಕುಕ್ಕರಗಾಲು ಹಾಕಿ ಕೂತಿದ್ದೆ. ಕೂತು ಬಹಳ ಹೊತ್ತಾಗಿತ್ತು. ಏನೋ ಬಿಗಿಯಾಗುತ್ತಿದೆ ಅನ್ನಿಸಿ ಸ್ವಲ್ಪ ಅಲುಗಾಡಲು ನೋಡಿದೆ. ಮೀನಖಂಡ ತೊಡೆಯ ಹಿಂದಿನ ಪ್ಯಾಂಟಿಗೆ ಅಂಟಿಕೊಂಡುಬಿಟ್ಟಿತ್ತು. ಕೆಳಗೆ ಪಾಕ, ಮೇಲೆ ಹತ್ತಿಯ ಬಟ್ಟೆ, ಚೆನ್ನಾಗಿ ಒತ್ತಿ ಹಿಡಿಯಲು ನನ್ನದೇ ಮೈಭಾರ! ಮುಂದೆ ಏನಾಗುತ್ತದೆಂದು ನನಗೆ ಆಗ ಹೊಳೆಯಿತು.

ಜಡೆ ಟೀಚರು ನನ್ನ ಮುಂದೆಯೇ ಬಂದರು. ಹಿಂದಿನಿಂದ ಶಶಿಕಲಾ ಬೆನ್ನಿಗೆ ಗುದ್ದಿ ಕೂಗಿದಳು. "ಖೋ!"

ನಾನು ಎದ್ದೆ. ಕೂದಲು ಏಳಲಿಲ್ಲ! ಚರ್‌ರ್‌ರ್!

"ಯವ್ವಾsss!"

ಆ ಕೂಗು ದೂರದ ಹಲವಾಗಲು ಊರಿನ ಹೊಳೆಯವರೆಗೂ ಕೇಳಿರಬೇಕು. ಉರಿಯ ರಭಸಕ್ಕೆ ನಾನು ಓಡಲಿಲ್ಲ, ಹಾರಿದೆ. ಜಡೆ ಟೀಚರು ಹೆದರಿ ಗರಬಡಿದಂತೆ ನಿಂತುಬಿಟ್ಟರು. ನನ್ನ ಅಂಗೈ ಅವರ ಬೆನ್ನಿಗೆ ಹೋಗಿ ಬಿತ್ತು. ಸೀಟಿ ಕೂಗಿತು. ಔಟ್!

ಗೆದ್ದೆವು! ತಂಡವೆಲ್ಲ ನನ್ನ ಮೇಲೆ ಬಿದ್ದು ಅಪ್ಪಿಕೊಂಡಿತು. ನನ್ನ ಕಣ್ಣಲ್ಲಿ ನೀರು. ಅರ್ಧ ಸಂತೋಷಕ್ಕೆ, ಇನ್ನರ್ಧ ಮೀನಖಂಡಕ್ಕೆ. ಒಂದು ವರ್ಷ ಎದೆಯಲ್ಲಿ ಹೊತ್ತುಕೊಂಡಿದ್ದ ಭಾರ ಇಳಿದಿತ್ತು. ಅದೇ ರೆಫರಿ ಹತ್ತಿರ ಬಂದು, "ಮೇಡಂ, ಇಷ್ಟು ವರ್ಷದಾಗ ಇಂಥಾ ಸ್ಟಾರ್ಟ್ ನೋಡಿಲ್ರಿ" ಎಂದರು. ನಾನು ಗಂಭೀರವಾಗಿ, "ಪ್ರಾಕ್ಟೀಸ್ ಸರ್" ಎಂದೆ.

ಉಂಡೆಯ ಡಬ್ಬಿಯೂ ಖಾಲಿಯಾಯಿತು. ಜಡೆ ಟೀಚರು ಎರಡನೆಯದಕ್ಕೆ ಕೈ ಹಾಕುತ್ತಾ, "ಪಾಕ ಭಾರೀ ಹದಕ್ಕ ಬಂದೈತ್ರಿ. ನಿಂಬಿಹಣ್ಣಿನ ಹುಳಿ ಬ್ಯಾರೆ! ಯಾರಿಗೆ ಹೊಳಿತ್ರಿ ಇದು?" ಎಂದು ಕೇಳಿದರು. "ನಮ್ಮತ್ತಿಗ್ರಿ" ಎಂದೆ. ಇಷ್ಟು ದೊಡ್ಡ ಗೆಲುವಿನಲ್ಲಿ ಅವರಿಗೂ ಪಾಲಿರಲಿ ಎಂದು!

ನಮ್ಮ ತಂಡದ ಆ ಫೋಟೋ ಈಗ ಶಾಲೆಯ ಗೋಡೆಯ ಮೇಲಿದೆ. ಎಲ್ಲರೂ ಮೊಣಕಾಲುಮಟ ಪ್ಯಾಂಟಿನಲ್ಲಿ ಎದೆಯುಬ್ಬಿಸಿ ನಿಂತಿದ್ದಾರೆ. ಶಶಿಕಲಾಳಂತೂ ಒಂದು ಕಾಲು ಮುಂದೆ ಚಾಚಿದ್ದಾಳೆ. ಮೀನಖಂಡದ ಮೇಲೆ ಅಂಗೈಯಗಲ ಮಾತ್ರ ನುಣುಪಾಗಿ, ಸುತ್ತ ಕಂಬಳಿ, ಕಂಬಳಿಯ ಮೇಲೆ ಕೆಂಪು ಮಣ್ಣು, ಇಂಥ ಕಾಲಿನವಳು ಗುಂಪಿನಲ್ಲಿ ನಾನೊಬ್ಬಳೇ. "ಕಪ್ ಮ್ಯಾಲೆತ್ತಿ ಹಿಡೀರಿ ಮೇಡಂ" ಎಂದು ಫೋಟೋದವನು ಗಂಟಲು ಹರಿಯುವಂತೆ ಕೂಗಿದ. ಎಲ್ಲರಿಗೂ ಗಿಡ್ಡ ಪ್ಯಾಂಟು ಹೊಲಿಸಿದ ಧೀರ ಕ್ಯಾಪ್ಟನ್ ಎತ್ತಲಿಲ್ಲ. ನಡು ಬಗ್ಗಿಸಿ, ಗೆದ್ದ ಕಪ್ಪನ್ನು ಎರಡೂ ಕೈಗಳಿಂದ ಬಲಗಾಲಿಗೆ ಅಡ್ಡ ಹಿಡಿದು ನಿಂತಿದ್ದಾಳೆ.